ಎದೆನೋವಿನ ಮಾತ್ರೆಗಳು: ಹೃದಯದ ರಕ್ತನಾಳ ಸಡಿಲಿಸುವ ಔಷಧಗಳಲ್ಲಿ ಯಾವುದು ಯಾರಿಗೆ?

"ಸಾರ್ಬಿಟ್ರೇಟ್ ಸ್ಟ್ರಾಂಗಾ, ಆಮ್ಲೋಡಿಪಿನ್ ಸ್ಟ್ರಾಂಗಾ?" ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವವನು ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ಇದನ್ನು ಕೇಳುತ್ತಾರೆ. ಕೇಳುವವರ ಅಂಗಿ ಜೇಬಿನಲ್ಲಿ ಹೆಚ್ಚಾಗಿ ಒಂದು ಸ್ಟ್ರಿಪ್ ಇರುತ್ತದೆ. ಅಥವಾ ಅವರ ಅಪ್ಪನ ಜೇಬಿನಲ್ಲಿ.

ಎರಡೂ ಒಳ್ಳೆಯ ಔಷಧಗಳೇ. ಆದರೆ ಕೆಲಸ ಮಾಡುವ ಜಾಗ ಬೇರೆ, ಹೊತ್ತು ಬೇರೆ. ನಾಲಿಗೆ ಕೆಳಗಿಟ್ಟ ಸಾರ್ಬಿಟ್ರೇಟ್ ಐದು ನಿಮಿಷದಲ್ಲಿ ಶುರು ಮಾಡಿ ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ. ಆಮ್ಲೋಡಿಪಿನ್‌ಗೆ ಪೂರ್ತಿ ಹಿಡಿತ ಸಿಗಲು ಒಂದು ವಾರ ಬೇಕು. ಹಾಗಾಗಿ "ಯಾವುದು ಸ್ಟ್ರಾಂಗ್" ಅಂತ ಕೇಳುವ ಬದಲು "ಇದು ಎಲ್ಲಿ ಸಡಿಲಿಸುತ್ತದೆ, ನನ್ನ ನೋವು ಎಲ್ಲಿಂದ ಬರುತ್ತಿದೆ" ಅಂತ ಕೇಳಬೇಕು. ಉತ್ತರ ಹೊಂದಿದರೆ ಔಷಧ ಹೊಂದಿದ ಹಾಗೆ.

ಇದನ್ನು ಓದಿ ಯಾರೂ ಮಾತ್ರೆ ಬದಲಾಯಿಸಬೇಡಿ, ನಿಲ್ಲಿಸಬೇಡಿ. ನಿಮ್ಮ ಡಾಕ್ಟರು ಇದನ್ನೇ ಯಾಕೆ ಕೊಟ್ಟರು ಅಂತ ತಿಳಿಯಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಾಳದ ವಿಷಯ

ಹೃದಯದ ತುಂಬ ರಕ್ತ ಇರುತ್ತದೆ. ಆದರೆ ಹೃದಯದ ಸ್ನಾಯು ಆ ರಕ್ತವನ್ನು ನೇರವಾಗಿ ಬಳಸಿಕೊಳ್ಳಲಾಗದು. ಮಹಾಪಧಮನಿಯ ಬುಡದಿಂದ ಹೊರಡುವ ಎರಡು ಕರೋನರಿ ನಾಳಗಳೇ ಅದಕ್ಕೆ ಊಟ ತಲುಪಿಸಬೇಕು. ಶುರುವಿನಲ್ಲಿ ಇವು ಮೂರ್ನಾಲ್ಕು ಮಿಲಿಮೀಟರ್ ಅಗಲ ಇರುತ್ತವೆ. ನಾವು ಸುಮ್ನೆ ಕೂತಿದ್ದಾಗ ಇವುಗಳಲ್ಲಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ರಕ್ತ ಹರಿಯುತ್ತದೆ.

ಇಲ್ಲಿ ಒಂದು ವಿಶೇಷ ಇದೆ. ಒಟ್ಟು ದೇಹದ ಲೆಕ್ಕ ತೆಗೆದರೆ, ಬರುವ ರಕ್ತದಲ್ಲಿರುವ ಆಮ್ಲಜನಕದ ಕಾಲು ಭಾಗ ಮಾತ್ರ ಖರ್ಚಾಗುತ್ತದೆ. ಹೃದಯ ಹಾಗಲ್ಲ. ಸುಮ್ನೆ ಇದ್ದಾಗಲೇ ಶೇ. 70ರಷ್ಟನ್ನು ಹೀರಿಕೊಂಡಿರುತ್ತದೆ. ಮೆಟ್ಟಿಲು ಹತ್ತುವಾಗ ಇನ್ನೂ ಬೇಕು ಅಂದರೆ ಅದೇ ರಕ್ತದಿಂದ ಹಿಂಡಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ರಕ್ತವೇ ಜಾಸ್ತಿ ಬರಬೇಕು. ಅದಕ್ಕೆ ನಾಳ ಸಡಿಲಾಗಲೇಬೇಕು. ಆರೋಗ್ಯವಂತರಲ್ಲಿ ಈ ಹರಿವು ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಏರುತ್ತದೆ.

ಹರಿವನ್ನು ಹಿಡಿಯುವುದು, ಬಿಡುವುದು ಮುಖ್ಯವಾಗಿ ಸ್ನಾಯುವಿನೊಳಗಿನ ಸಣ್ಣ ನಾಳಗಳು. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ನಾಳಗಳು. ಗದ್ದೆಗೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ಕಾಲುವೆ ಇದ್ದರೂ ಗದ್ದೆಯ ಮಡೆ ತೆಗೆದಷ್ಟೇ ನೀರು. ದೊಡ್ಡ ನಾಳದಲ್ಲಿ ಬ್ಲಾಕ್ ಇದ್ದರೆ, ಅದರ ಕೆಳಗಿನ ಸಣ್ಣ ನಾಳಗಳು ಕೂತಲ್ಲೇ ತೆರೆದುಕೊಂಡು ಸುಧಾರಿಸುತ್ತಿರುತ್ತವೆ. ನಡೆದಾಗ ತೆರೆಯಲು ಇನ್ನು ಮಡೆ ಉಳಿದಿರುವುದಿಲ್ಲ. ಆಗ ಎದೆ ಹಿಂಡಿದ ಹಾಗಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಇದೇ ಆಂಜೈನಾ.

ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೃದಯದ ಎಡಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯುವುದು ಅದು ಹಿಂಡುವಾಗ ಅಲ್ಲ, ಎರಡು ಬಡಿತಗಳ ನಡುವೆ ಸಡಿಲಾದಾಗ. ಬಡಿತ ಜೋರಾದಷ್ಟೂ ಆ ಬಿಡುವು ಕಡಿಮೆ.

ಗೋಡೆ ಸಡಿಲಾಗುವುದು ಹೇಗೆ

ನಾಳದ ಗೋಡೆಯಲ್ಲಿ ಸ್ನಾಯು ಇದೆ. ಅದರ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಬಿಗಿಯುತ್ತದೆ, ಹೊರಟುಹೋದರೆ ಸಡಿಲಾಗುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೇಕೆಯ ಹೃದಯದಿಂದ ಕರೋನರಿ ನಾಳ ಬಿಡಿಸಿ, ಎರಡು ಮೂರು ಮಿಲಿಮೀಟರಿನ ಉಂಗುರ ಕತ್ತರಿಸಿ, 37 ಡಿಗ್ರಿಯ ಉಪ್ಪಿನ ದ್ರಾವಣದಲ್ಲಿ ಸಣ್ಣ ಕೊಕ್ಕೆಗೆ ತೂಗುಹಾಕುತ್ತೇವೆ. ದ್ರಾವಣದೊಳಗೆ ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಏಳುತ್ತಿರುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಕ್ಯಾಲ್ಸಿಯಂ ಬಾಗಿಲು ತೆರೆದು ಉಂಗುರ ಬಿಗಿಯುತ್ತದೆ, ಬಿಗಿತವನ್ನು ದಾಖಲಿಸುವ ಗೆರೆ ಮೇಲೇರುತ್ತದೆ. ನೈಟ್ರೇಟ್ ಜಾತಿಯ ಔಷಧದ ಕೆಲವು ಹನಿ ಹಾಕಿ, ಗೆರೆ ಜಾರುತ್ತಾ ಇಳಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಇಳಿಯುವ ಗೆರೆ ಬೇಸರ ಬಂದಿಲ್ಲ.

ಇದೇ ಥರದ ಪ್ರಯೋಗ ಒಂದು ದೊಡ್ಡ ಗುಟ್ಟನ್ನು ಬಯಲು ಮಾಡಿತು. ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಪ್ರಯೋಗಿಸುತ್ತಿದ್ದರು. ಕೆಲವು ಸಲ ಪಟ್ಟಿ ಸಡಿಲಾಗುತ್ತಿತ್ತು, ಕೆಲವು ಸಲ ಬಿಗಿಯುತ್ತಿತ್ತು. ಕೊನೆಗೆ ಗೊತ್ತಾಗಿದ್ದು ಇಷ್ಟು: ಪಟ್ಟಿ ತಯಾರಿಸುವಾಗ ಒಳಮೈ ಉಜ್ಜಿಹೋದರೆ ಸಡಿಲಾಗುವುದಿಲ್ಲ. ಒಳಗೆ ಒಂದೇ ಕೋಶದಷ್ಟು ತೆಳ್ಳಗಿನ ಪದರ ಇದೆ, ಎಂಡೋಥೀಲಿಯಂ. ಸಡಿಲಾಗು ಅನ್ನುವ ಸುದ್ದಿ ಅಲ್ಲಿಂದಲೇ ಬರುತ್ತದೆ. ಖಾತ್ರಿ ಮಾಡಿಕೊಳ್ಳಲು ಅವರು ಒಳಪದರ ಕಳೆದುಕೊಂಡ ಪಟ್ಟಿಯನ್ನು, ಒಳಪದರ ಇರುವ ಇನ್ನೊಂದು ಪಟ್ಟಿಗೆ ಮುಖಾಮುಖಿ ಒತ್ತಿ ಇಟ್ಟರು. ಪದರ ಇಲ್ಲದ್ದೂ ಸಡಿಲಾಯಿತು! ಅಂದರೆ ಏನೋ ಒಂದು ವಸ್ತು ಈ ಪಟ್ಟಿಯಿಂದ ಆ ಪಟ್ಟಿಗೆ ದಾಟುತ್ತಿದೆ. ಇದು ಪ್ರಕಟವಾಗಿದ್ದು 1980ರಲ್ಲಿ. ಆ ವಸ್ತು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಕೆಲವು ವರ್ಷಗಳ ನಂತರ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು.

ರೋಗಿಗೆ ಇದರಿಂದ ಏನು ಅಂತೀರಾ? ಕೊಬ್ಬು ಕಟ್ಟಿದ ಕರೋನರಿಯಲ್ಲಿ ಈ ಒಳಪದರ ಕೆಟ್ಟಿರುತ್ತದೆ. 1986ರಲ್ಲಿ ಅಂಥ ರೋಗಿಗಳ ಕರೋನರಿಗೆ ಅಸಿಟೈಲ್‌ಕೋಲಿನ್ ಬಿಟ್ಟು ನೋಡಿದರು. ಸಡಿಲಾಗಬೇಕಿದ್ದ ನಾಳ ಬಿಗಿಯಿತು. ಆದರೆ ನೈಟ್ರೋಗ್ಲಿಸರಿನ್ ಕೊಟ್ಟಾಗ ಅದೇ ನಾಳ ಸಡಿಲಾಯಿತು. ಒಳಪದರ ಸೋತರೂ ಸ್ನಾಯು ಸೋತಿಲ್ಲ, ಹೊರಗಿನಿಂದ ಸುದ್ದಿ ಮುಟ್ಟಿಸಿದರೆ ಕೇಳುತ್ತದೆ. ನೈಟ್ರೇಟ್ ಮಾತ್ರೆಗಳ ಬಲ ಇರುವುದು ಇಲ್ಲಿ.

ನೈಟ್ರೇಟ್: ನಾಲಿಗೆ ಕೆಳಗಿನ ಮಾತ್ರೆ

ಸಾರ್ಬಿಟ್ರೇಟ್ ಅಂದರೆ ಐಸೋಸಾರ್ಬೈಡ್ ಡೈನೈಟ್ರೇಟ್. ಇದರ ಅಣ್ಣ ನೈಟ್ರೋಗ್ಲಿಸರಿನ್. 1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ಇದನ್ನು ತಯಾರಿಸಿದರು. ಒಂಚೂರು ನಾಲಿಗೆಗೆ ತಾಗಿಸಿಕೊಂಡರೆ ತಲೆ ಸಿಡಿಯುತ್ತದೆ ಅಂತ ಆಗಲೇ ಗಮನಿಸಿದ್ದರು. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ಎದೆನೋವಿಗೆ ಬಳಸಿ ವರದಿ ಮಾಡಿದರು. ಇದೇ ನೈಟ್ರೋಗ್ಲಿಸರಿನ್‌ನಿಂದ ಡೈನಮೈಟ್ ಮಾಡಿದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಹೃದಯದ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟಿದ್ದೂ ಇದನ್ನೇ.

ಮಾತ್ರೆಯಲ್ಲಿ ಸ್ಫೋಟದ ಭಯ ಇಲ್ಲ. ಅದು ಸ್ನಾಯುವಿನೊಳಗೆ ನೈಟ್ರಿಕ್ ಆಕ್ಸೈಡ್ ಸಂದೇಶವನ್ನು ಎಬ್ಬಿಸುತ್ತದೆ, ಅಷ್ಟೇ.

ಇದು ಮೊದಲು ಸಡಿಲಿಸುವುದು ಎಲ್ಲಿ ಗೊತ್ತಾ? ಹೃದಯದಲ್ಲಿ ಅಲ್ಲ, ಸಿರೆಗಳಲ್ಲಿ. ಕಾಲು, ಹೊಟ್ಟೆ ಕಡೆಯಿಂದ ರಕ್ತ ವಾಪಸ್ ತರುವ ನಾಳಗಳು ಅಗಲವಾಗಿ ರಕ್ತ ಅಲ್ಲೇ ಸ್ವಲ್ಪ ನಿಲ್ಲುತ್ತದೆ. ಹೃದಯಕ್ಕೆ ಬರುವ ಹೊರೆ ಇಳಿಯುತ್ತದೆ. ಜೊತೆಗೆ ದೊಡ್ಡ ಕರೋನರಿಗಳೂ ಅಗಲವಾಗುತ್ತವೆ. ತೀರಾ ಸಣ್ಣ ನಾಳಗಳ ಮೇಲೆ ಪರಿಣಾಮ ಕಡಿಮೆ. ಅದು ಒಳ್ಳೆಯದೇ. ಡೈಪಿರಿಡಮಾಲ್ ಅನ್ನುವ ಔಷಧ ಸಣ್ಣ ನಾಳಗಳನ್ನೇ ಜೋರಾಗಿ ತೆರೆಯುತ್ತದೆ, ಆಂಜೈನಾಗೆ ಅಂತ ಒಂದು ಕಾಲದಲ್ಲಿ ಕೊಡುತ್ತಿದ್ದರು. ಆದರೆ ತೆರೆದುಕೊಳ್ಳುವುದು ಚೆನ್ನಾಗಿರುವ ಕಡೆಯ ನಾಳಗಳು. ಬ್ಲಾಕ್ ಇರುವ ಕಡೆಯವು ಮೊದಲೇ ತೆರೆದಿವೆಯಲ್ಲ! ರಕ್ತ ಬೇಡದ ಕಡೆ ಓಡಿ, ಬೇಕಾದ ಕಡೆ ಇನ್ನೂ ಬತ್ತುತ್ತದೆ. "ಜಾಸ್ತಿ ಸಡಿಲಿಸುವುದೇ ಒಳ್ಳೆಯ ಔಷಧ" ಅನ್ನುವ ಲೆಕ್ಕ ಇಲ್ಲಿಗೇ ಬಿದ್ದುಹೋಯಿತು, ಅಲ್ವಾ?

ಮಾತ್ರೆಯನ್ನು ನಾಲಿಗೆ ಕೆಳಗೆ ಇಡಲು ಕಾರಣ ಇದೆ. ನುಂಗಿದರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ಬಹುಪಾಲು ಲಿವರಿನಲ್ಲೇ ಹಾಳಾಗುತ್ತದೆ. ಕೂತುಕೊಂಡು ಇಟ್ಟುಕೊಳ್ಳಿ. ನಿಂತೇ ಇಟ್ಟುಕೊಂಡರೆ ಬಿಪಿ ಇಳಿದು ಕಣ್ಣು ಕತ್ತಲೆ ಬಂದು ಬೀಳಬಹುದು. ತಲೆನೋವು ಬಂದರೆ ಹೆದರಬೇಡಿ, ತಲೆಯ ನಾಳಗಳೂ ಅಗಲವಾಗುತ್ತವೆ. ನೋವು ತರುವ ಕೆಲಸಕ್ಕೆ ಮುಂಚೆ, ಉದಾಹರಣೆಗೆ ದೇವಸ್ಥಾನದ ಮೆಟ್ಟಿಲು ಹತ್ತುವ ಮೊದಲು, ಒಂದು ಇಟ್ಟುಕೊಳ್ಳಿ ಅಂತ ಕೆಲವರಿಗೆ ಡಾಕ್ಟರು ಹೇಳಿರುತ್ತಾರೆ. ಅದೂ ಸರಿಯಾದ ಬಳಕೆಯೇ.

ದಿನಾ ನುಂಗುವ ನೈಟ್ರೇಟ್ ಬೇರೆ: ಐಸೋಸಾರ್ಬೈಡ್ ಮೊನೊನೈಟ್ರೇಟ್. ಇದು ಲಿವರಿನಲ್ಲಿ ಅಷ್ಟಾಗಿ ಹಾಳಾಗುವುದಿಲ್ಲ. ಇದನ್ನು ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಒಂದು ಅಂತ ಬರೆಯುತ್ತಾರೆ. ಬೆಳಿಗ್ಗೆ ರಾತ್ರಿ ಅಂತ ಯಾಕಲ್ಲ? ಡೈನಮೈಟ್ ಕಾರ್ಖಾನೆಗಳ ಕೆಲಸಗಾರರಿಗೆ ಸೋಮವಾರ ಭಯಂಕರ ತಲೆನೋವು ಬರುತ್ತಿತ್ತು, ವಾರದ ನಡುವೆ ಹೋಗುತ್ತಿತ್ತು, ಭಾನುವಾರದ ರಜೆ ಕಳೆದು ಬಂದರೆ ಮತ್ತೆ ಶುರು. ದೇಹ ನೈಟ್ರೇಟ್‌ಗೆ ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. ದಿನವಿಡೀ ರಕ್ತದಲ್ಲಿ ಇದ್ದರೆ ಔಷಧ ಕೆಲಸ ಮಾಡುವುದನ್ನೇ ಬಿಡುತ್ತದೆ. ಹಾಗಾಗಿ ದಿನಕ್ಕೆ 10ರಿಂದ 14 ಗಂಟೆ ಖಾಲಿ ಬಿಡಬೇಕು. "ಎರಡು ಮಾತ್ರೆ ನಡುವೆ ಸಮನಾಗಿ 12 ಗಂಟೆ ಇಡೋಣ" ಅಂತ ಮನೆಯವರು ಪ್ರೀತಿಯಿಂದ ಸಮಯ ಬದಲಾಯಿಸಿ, ಮಾತ್ರೆ ಹಿಡಿಯುತ್ತಿಲ್ಲ ಅಂತ ಕೊರಗುವುದನ್ನು ನೋಡಿದ್ದೇನೆ. ಚೀಟಿಯಲ್ಲಿರುವ ಹೊತ್ತನ್ನು ಬದಲಾಯಿಸಬೇಡಿ.

ಕ್ಯಾಲ್ಸಿಯಂ ಬಾಗಿಲು ಮುಚ್ಚುವವು

ಆಮ್ಲೋಡಿಪಿನ್, ನಿಫೆಡಿಪಿನ್ ಒಂದು ಗುಂಪು. ಡಿಲ್ಟಿಯಾಜೆಮ್, ವೆರಪಾಮಿಲ್ ಇನ್ನೊಂದು. ಎರಡೂ ಸ್ನಾಯುಕೋಶಕ್ಕೆ ಕ್ಯಾಲ್ಸಿಯಂ ನುಗ್ಗುವ ಬಾಗಿಲನ್ನು ಅಡ್ಡಗಟ್ಟುತ್ತವೆ. ತಿನ್ನುವ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ.

ಆಮ್ಲೋಡಿಪಿನ್ ಹೆಚ್ಚಾಗಿ ನಾಳಗಳ ಮೇಲೆ ಕೆಲಸ ಮಾಡುತ್ತದೆ, ಹೃದಯದ ಬಡಿತವನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಿಧಾನವಾಗಿ ಏರಿ 24 ಗಂಟೆಗೂ ಮೀರಿ ನಿಲ್ಲುತ್ತದೆ. ಎದೆನೋವಿನ ಜೊತೆ ಬಿಪಿಯೂ ಇದ್ದವರಿಗೆ ಒಂದೇ ಮಾತ್ರೆಯಲ್ಲಿ ಎರಡು ಕೆಲಸ. ಒಂದು ದಿನ ಮರೆತರೂ ನೈಟ್ರೇಟ್‌ನಷ್ಟು ತೊಂದರೆ ಆಗುವುದಿಲ್ಲ. ಒಗ್ಗಿಕೊಂಡು ಕೈಕೊಡುವ ಕಾಟವೂ ಇಲ್ಲ. ಆದರೆ ನೋವು ಬಂದ ಕ್ಷಣಕ್ಕೆ ಇದನ್ನು ನುಂಗಿದರೆ ಪ್ರಯೋಜನ ಇಲ್ಲ.

ಇದರ ಮುಖ್ಯ ದೂರು ಪಾದದ ಊತ. ಸಣ್ಣ ಅಪಧಮನಿಗಳು ತೆರೆದುಕೊಳ್ಳುತ್ತವೆ, ಸಿರೆಗಳು ಅಷ್ಟು ತೆರೆದುಕೊಳ್ಳುವುದಿಲ್ಲ. ನಡುವೆ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ. ಇದು ಮೈಯಲ್ಲಿ ನೀರು ಜಾಸ್ತಿಯಾದ ಊತ ಅಲ್ಲ, ಹಾಗಾಗಿ ಮೂತ್ರ ಹೋಗಿಸುವ ಮಾತ್ರೆಯಿಂದ ಹೆಚ್ಚು ಇಳಿಯುವುದಿಲ್ಲ. ಡೋಸ್ ಇಳಿಸಿದರೆ ಅಥವಾ ಬಿಪಿಯ ಇನ್ನೊಂದು ಜಾತಿಯ ಮಾತ್ರೆ, ಟೆಲ್ಮಿಸಾರ್ಟನ್ ಥರದ್ದು, ಜೊತೆಗೆ ಸೇರಿಸಿದರೆ ಇಳಿಯುತ್ತದೆ. ಆದರೆ ಊತಕ್ಕೆ ಹೃದಯ, ಕಿಡ್ನಿ ಕೂಡ ಕಾರಣ ಆಗಬಹುದು. ಡಾಕ್ಟರು ನೋಡದೆ ಮಾತ್ರೆಯ ತಲೆಗೆ ಕಟ್ಟಬೇಡಿ.

ಡಿಲ್ಟಿಯಾಜೆಮ್ ಮತ್ತು ವೆರಪಾಮಿಲ್ ನಾಳವನ್ನೂ ಸಡಿಲಿಸುತ್ತವೆ, ಹೃದಯದ ಬಡಿತವನ್ನೂ ಇಳಿಸುತ್ತವೆ. ಅಸ್ತಮಾ ಇದ್ದು ಬೀಟಾ ಬ್ಲಾಕರ್ (ಬಡಿತ ನಿಧಾನ ಮಾಡುವ ಮಾತ್ರೆ, ಮುಂದೆ ಹೇಳುತ್ತೇನೆ) ಆಗದವರಿಗೆ ಇವು ಒಳ್ಳೆಯ ಆಯ್ಕೆ. ಆದರೆ ಎಕೋದಲ್ಲಿ ಹೃದಯದ ಪಂಪಿಂಗ್ ಕಡಿಮೆ ಅಂತ ಬಂದವರಿಗೆ ಬೇಡ. ಬೀಟಾ ಬ್ಲಾಕರ್ ಜೊತೆ ಸೇರಿದರೆ ಬಡಿತ ಅಪಾಯಕ್ಕೆ ಇಳಿಯಬಹುದು. ಇಬ್ಬರು ಡಾಕ್ಟರ ಎರಡು ಚೀಟಿ ಇದ್ದವರು ಇದನ್ನು ತಪ್ಪದೆ ತೋರಿಸಿ. ವೆರಪಾಮಿಲ್‌ನಿಂದ ಮಲಬದ್ಧತೆ ಸಾಮಾನ್ಯ.

ಒಂದು ಹಳೆಯ ಅಭ್ಯಾಸದ ಬಗ್ಗೆ ಹೇಳಲೇಬೇಕು. ಬಿಪಿ ಏರಿದಾಗ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡುತ್ತಿದ್ದರು. ಬಿಪಿ ಧಡಕ್ಕನೆ ಬಿದ್ದು, ಹೃದಯ ಗಾಬರಿಯಾಗಿ ಓಡಿ, ಹೃದಯಾಘಾತ, ಪಾರ್ಶ್ವವಾಯು ಆದವರಿದ್ದಾರೆ. ನಾಲಿಗೆ ಕೆಳಗೆ ಇಡುವುದೆಲ್ಲ ಸಾರ್ಬಿಟ್ರೇಟ್ ಥರ ಅಂತ ತಿಳಿಯಬೇಡಿ.

ನಿಕೊರಾಂಡಿಲ್

ಇದು ಜಪಾನಿನಲ್ಲಿ ಹುಟ್ಟಿದ ಔಷಧ, ಒಂದರಲ್ಲಿ ಎರಡು. ಅರ್ಧ ನೈಟ್ರೇಟ್. ಇನ್ನರ್ಧ ಪೊಟ್ಯಾಸಿಯಂ ಬಾಗಿಲು ತೆರೆಯುತ್ತದೆ, ಅದು ತೆರೆದರೆ ಕ್ಯಾಲ್ಸಿಯಂ ಬಾಗಿಲು ತಾನಾಗಿ ಮುಚ್ಚುತ್ತದೆ. ಹಾಗಾಗಿ ಸಿರೆ, ದೊಡ್ಡ ಕರೋನರಿ, ಸಣ್ಣ ನಾಳ ಮೂರರ ಮೇಲೂ ಕೆಲಸ. ಬಡಿತ ಇಳಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ಮಾತ್ರೆಗಳು ಸಾಲದಾದಾಗ ಸೇರಿಸುತ್ತಾರೆ. ಬಾಯಲ್ಲಿ ವಾಸಿಯಾಗದ ಹುಣ್ಣು ಬಂದರೆ ಬಿ ಕಾಂಪ್ಲೆಕ್ಸ್ ನುಂಗುತ್ತಾ ಕೂರಬೇಡಿ. ಈ ಮಾತ್ರೆಯಿಂದ ಹುಣ್ಣು ಬರುವುದುಂಟು, ಬಾಯಲ್ಲಷ್ಟೇ ಅಲ್ಲ, ಕರುಳು, ಗುದದ್ವಾರದಲ್ಲೂ. ಮಾತ್ರೆ ನಿಲ್ಲಿಸುವವರೆಗೂ ಮಾಯುವುದಿಲ್ಲ. ಡಾಕ್ಟರಿಗೆ ಹೇಳಿ.

ಸಡಿಲಿಸದೆಯೇ ನೋವು ತಡೆಯುವವು

ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಅಟೆನೊಲಾಲ್ ಇವೆಲ್ಲ ಬೀಟಾ ಬ್ಲಾಕರ್‌ಗಳು. ಇವು ಕರೋನರಿಯನ್ನು ಸಡಿಲಿಸುವುದಿಲ್ಲ. ಆದರೂ ನಡೆದಾಗ ಬರುವ ಎದೆನೋವಿಗೆ ಡಾಕ್ಟರು ಮೊದಲು ಬರೆಯುವುದು ಬಹುಮಟ್ಟಿಗೆ ಇವನ್ನೇ. ಯಾಕೆ? ಆಗಲೇ ಹೇಳಿದ ಮಾತು ನೆನಪಿಸಿಕೊಳ್ಳಿ. ಬಡಿತ ನಿಧಾನವಾದರೆ ಎರಡು ಬಡಿತಗಳ ನಡುವಿನ ಬಿಡುವು ಉದ್ದವಾಗುತ್ತದೆ, ನಾಳ ಅಷ್ಟೇ ಇದ್ದರೂ ರಕ್ತ ಹರಿಯಲು ಹೊತ್ತು ಸಿಗುತ್ತದೆ. ಹೃದಯಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಪೂರೈಕೆ ಹೆಚ್ಚಿಸುವ ಬದಲು ಬೇಡಿಕೆ ತಗ್ಗಿಸೋಣ ಅಂತ ಯೋಚಿಸಿ ಪ್ರೊಪ್ರನಲಾಲ್ ಕಂಡುಹಿಡಿದರು. 1988ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಇವನ್ನು ಒಮ್ಮೆಲೇ ನಿಲ್ಲಿಸಬಾರದು. ಹೃದಯ ತಿರುಗಿಬೀಳುತ್ತದೆ, ನೋವು ಮೊದಲಿಗಿಂತ ಜೋರಾಗಿ ಬರಬಹುದು.

ಐವಾಬ್ರಡಿನ್ ಬರೀ ಬಡಿತ ಇಳಿಸುತ್ತದೆ. ರಾನೊಲಜಿನ್ ಬಡಿತ, ಬಿಪಿ ಎರಡನ್ನೂ ಅಷ್ಟಾಗಿ ಮುಟ್ಟದೆ ಹೃದಯದ ಸ್ನಾಯುವಿನೊಳಗೆ ಕೆಲಸ ಮಾಡುತ್ತದೆ. ಬಿಪಿ ಮೊದಲೇ ಕಡಿಮೆ ಇರುವವರಿಗೆ ಇವು ಉಪಯೋಗಕ್ಕೆ ಬರುತ್ತವೆ.

ಹಾಗಾದರೆ ಯಾರಿಗೆ ಯಾವುದು

ನಡೆದಾಗ ನೋವು, ನಿಂತರೆ ಕಡಿಮೆ, ಬಿಪಿ ಇದೆ, ಬಡಿತ ಜೋರಾಗಿದೆ: ಬೀಟಾ ಬ್ಲಾಕರ್ ಅಥವಾ ಅದರ ಜೊತೆ ಆಮ್ಲೋಡಿಪಿನ್. ಜೇಬಿನಲ್ಲಿ ಸಾರ್ಬಿಟ್ರೇಟ್. ಹೆಚ್ಚಿನವರು ಈ ಗುಂಪಿನವರೇ.

ನೋವು ನಡೆದಾಗ ಬರುವುದಿಲ್ಲ, ಬೆಳಗಿನ ಜಾವ ನಿದ್ದೆಯಿಂದ ಎಬ್ಬಿಸುತ್ತದೆ: ಇದು ಬ್ಲಾಕ್‌ಗಿಂತ ನಾಳ ತಾನಾಗಿ ಸೆಟೆದುಕೊಳ್ಳುವ ಕಾಯಿಲೆ ಇರಬಹುದು. 1959ರಲ್ಲಿ ಅಮೆರಿಕದ ಹೃದಯತಜ್ಞ ಪ್ರಿನ್ಸ್‌ಮೆಟಲ್ ವಿವರಿಸಿದ್ದು ಇಂಥ ನೋವನ್ನೇ. ಇಲ್ಲಿ ಆಯ್ಕೆ ತಿರುಗುಮುರುಗು. ಕ್ಯಾಲ್ಸಿಯಂ ಬಾಗಿಲು ಮುಚ್ಚುವ ಔಷಧವೇ ಮೊದಲು, ನೈಟ್ರೇಟ್ ಅದಕ್ಕೆ ಜೊತೆ. ಬರೀ ಬೀಟಾ ಬ್ಲಾಕರ್ ಕೊಟ್ಟರೆ, ಅದರಲ್ಲೂ ಪ್ರೊಪ್ರನಲಾಲ್ ಥರದ್ದು, ಸೆಟೆತ ಹೆಚ್ಚಬಹುದು. ಬೀಡಿ ಸಿಗರೇಟು ಬಿಡದಿದ್ದರೆ ಯಾವ ಮಾತ್ರೆಯೂ ಸಾಲದು. ನಾನು ಇದನ್ನು ಒತ್ತಿ ಹೇಳುವುದು ಯಾಕೆಂದರೆ "ಎಷ್ಟೊತ್ತಿಗೆ ನೋವು ಬರುತ್ತದೆ" ಅನ್ನುವ ಒಂದು ಮಾತು ಇಡೀ ಚಿಕಿತ್ಸೆಯ ದಿಕ್ಕು ಬದಲಿಸುತ್ತದೆ, ಮತ್ತು ಅದನ್ನು ಹೇಳಲು ಸಾಧ್ಯವಿರುವುದು ರೋಗಿಗೆ ಮಾತ್ರ.

ಆಂಜಿಯೋಗ್ರಾಂ ಕ್ಲೀನ್, ಆದರೂ ನೋವು ನಿಜವಾಗಿ ಇದೆ: ಹೆಂಗಸರಲ್ಲಿ ಇದು ಜಾಸ್ತಿ. "ಏನೂ ಇಲ್ಲ, ಟೆನ್ಷನ್" ಅಂತ ಕಳಿಸಿಬಿಡುವುದು ನೋಡಿದಾಗ ಸಂಕಟವಾಗುತ್ತದೆ. ದೊಡ್ಡ ಕಾಲುವೆ ಸರಿ ಇದ್ದು ಮಡೆಗಳು ಹಾಳಾಗಿರಬಹುದು, ಅಂದರೆ ಸಣ್ಣ ನಾಳಗಳು ಸಡಿಲಾಗದಿರಬಹುದು. ಸಣ್ಣ ನಾಳಗಳ ಮೇಲೆ ನೈಟ್ರೇಟ್‌ನ ಕೆಲಸ ಕಡಿಮೆ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಸಾರ್ಬಿಟ್ರೇಟ್‌ನಿಂದ ನೋವು ಹೋಗಲಿಲ್ಲ ಅಂದಮಾತ್ರಕ್ಕೆ ಅದು ಹೃದಯದ ನೋವಲ್ಲ ಅನ್ನುವಂತಿಲ್ಲ. ಬೀಟಾ ಬ್ಲಾಕರ್, ಕ್ಯಾಲ್ಸಿಯಂ ಗುಂಪು, ನಿಕೊರಾಂಡಿಲ್ ಪ್ರಯತ್ನಿಸುತ್ತಾರೆ. ಸಣ್ಣ ನಾಳಗಳನ್ನು ಅಳೆಯಲು ಅಡಿನೊಸಿನ್ ಕೊಟ್ಟು ಮಾಡುವ ಪರೀಕ್ಷೆಗಳಿವೆ. ಅದರ ಹಿಂದಿನ ದಿನದಿಂದ ಕಾಫಿ, ಟೀ ಬೇಡ ಅನ್ನುತ್ತಾರೆ. ಕೆಫೀನ್ ಆ ಔಷಧ ಕೂರುವ ಜಾಗವನ್ನೇ ಹಿಡಿದುಕೊಂಡು ಪರೀಕ್ಷೆ ಕೆಡಿಸುತ್ತದೆ. ನಮ್ಮ ಕಡೆಯವರಿಗೆ ಒಂದು ಲೋಟ ಕಾಫಿ ಬಿಡುವುದು ಕಷ್ಟ, ಆದರೆ ಅವತ್ತು ಬಿಡಲೇಬೇಕು.

ನೈಟ್ರೇಟ್ ಮುಟ್ಟಬಾರದ ಹೊತ್ತು

ವಯಾಗ್ರ ಜಾತಿಯ ಮಾತ್ರೆ ತೆಗೆದುಕೊಂಡಿದ್ದರೆ ಸಾರ್ಬಿಟ್ರೇಟ್, ಮೊನೊನೈಟ್ರೇಟ್, ನಿಕೊರಾಂಡಿಲ್ ಯಾವುದೂ ಬೇಡ. ಸಿಲ್ಡೆನಫಿಲ್ (ಅಂದರೆ ವಯಾಗ್ರ) ಆದರೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ. ಎರಡೂ ಒಂದೇ ದಾರಿಯಲ್ಲಿ ನಾಳ ಸಡಿಲಿಸುತ್ತವೆ. ಸೇರಿದರೆ ಬಿಪಿ ಪ್ರಾಣಕ್ಕೇ ಕುತ್ತು ತರುವಷ್ಟು ಬೀಳುತ್ತದೆ. ನಾಚಿಕೆಯಿಂದ ಇದನ್ನು ಮುಚ್ಚಿಡುವವರು ತುಂಬಾ ಜನ. ಎದೆನೋವು ಅಂತ ಆಸ್ಪತ್ರೆಗೆ ಹೋದಾಗ ಕೇಳುವ ಮೊದಲೇ ಹೇಳಿಬಿಡಿ.

ವಾಟ್ಸಾಪ್‌ನಲ್ಲಿ "ಎಲ್ಲರೂ ಮನೆಯಲ್ಲಿ ಸಾರ್ಬಿಟ್ರೇಟ್ ಇಟ್ಟುಕೊಳ್ಳಿ, ಎದೆನೋವು ಬಂದವರಿಗೆ ಕೊಡಿ" ಅಂತ ಸಂದೇಶ ಓಡಾಡುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಆದರೆ ಬಿಪಿ ಮೊದಲೇ ಬಿದ್ದಿದ್ದರೆ, ಅಥವಾ ಹೃದಯದ ಬಲಭಾಗಕ್ಕೆ ಆಘಾತ ಆಗಿದ್ದರೆ, ಸಿರೆ ಸಡಿಲಿಸುವ ಈ ಮಾತ್ರೆ ಇರುವ ರಕ್ತವನ್ನೂ ಕಾಲಿಗೆ ಇಳಿಸಿ ಹಾನಿ ಮಾಡುತ್ತದೆ. ನಿಮಗೆ ಅಂತ ಡಾಕ್ಟರು ಬರೆದುಕೊಟ್ಟಿದ್ದರೆ ಬಳಸಿ. ಪಕ್ಕದ ಮನೆಯವರಿಗೆ ಕೊಡುವ ಬದಲು 108ಕ್ಕೆ ಫೋನ್ ಮಾಡಿ.

ಬರೆದುಕೊಟ್ಟವರಿಗೂ ಲೆಕ್ಕ ಇದೆ. ಕೂತು ಒಂದು ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಅಥವಾ ಜಾಸ್ತಿಯಾದರೆ 108. ಗ್ಯಾಸ್ ಇರಬಹುದು ಅಂತ ಕಾಯಬೇಡಿ. ಕರೋನರಿಯಲ್ಲಿ ಹೆಪ್ಪು ಕಟ್ಟಿದ್ದರೆ ಎಷ್ಟು ಸಡಿಲಿಸಿದರೂ ದಾರಿ ತೆರೆಯುವುದಿಲ್ಲ, ಹೆಪ್ಪನ್ನೇ ತೆಗೆಯಬೇಕು.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ನೋವು ಯಾವ ಹೊತ್ತಿಗೆ, ಏನು ಮಾಡುವಾಗ, ಎಷ್ಟು ನಿಮಿಷ ಇತ್ತು, ಯಾವ್ಯಾವ ಮಾತ್ರೆ ನಡೆಯುತ್ತಿದೆ, ಕಾಲು ಊದಿದೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ನಾಲಿಗೆ ಕೆಳಗಿನ ಮಾತ್ರೆ ಎಷ್ಟು ಬೇಕಾಯಿತು. ಹೋದ ವಾರ ಎರಡು, ಈ ವಾರ ಆರು ಅಂತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಹೋಗಿ.